ಬಯಲ ಹುಲ್ಲು, ಲಾಯದ ಹುರುಳಿ

ದಕ್ಷಿಣಾಪಥದ ರಾಜ್ಯಗಳ ಚರಿತ್ರೆಯನ್ನು ಬರೆದವರು ಕುದುರೆಗಳನ್ನು ಎಣಿಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಅರಬಸ್ಥಾನದಿಂದಲೂ ಪಾರಸಿಕ ಕೊಲ್ಲಿಯ ಹೊರ್ಮುಜಿನಿಂದಲೂ ಭಟ್ಕಳ, ಹೊನ್ನಾವರ, ಗೋವೆಗಳ ರೇವುಗಳಿಗೆ ಎಷ್ಟು ಕುದುರೆಗಳು ಬಂದಿಳಿದುವು, ಒಂದೊಂದಕ್ಕೆ ಎಷ್ಟು ಹೊನ್ನು ಸಂದಿತು, ಆ ವ್ಯಾಪಾರದ ಹಿಡಿತಕ್ಕಾಗಿ ವಿಜಯನಗರವೂ ಬಹಮನಿ ಸುಲ್ತಾನರೂ ಹೇಗೆ ಸೆಣಸಿದರು ಎಂಬುದೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಉಂಟು. ಆದರೆ ಕಡಲ ಮೇಲೆ ವಾರಗಟ್ಟಲೆ ತೂಗಾಡಿ ಬಂದ ಆ ಪ್ರಾಣಿಯು ಲಾಯವನ್ನು ಹೊಕ್ಕ ಮರುದಿನ ಏನನ್ನು ತಿಂದಿತು, ತಿಂದುದನ್ನು ಅದರ ಉದರವು ಹೇಗೆ ತಾಳಿಕೊಂಡಿತು, ಅದರ ಮುಂದೆ ಹುಲ್ಲು ಹಾಕಿದವರು ಯಾರು, ಕಾಳು ಬೇಯಿಸಿದವರು ಯಾರು ಎಂದು ಕೇಳಿದವರು ವಿರಳ. ಅಶ್ವಸೇನೆಯೆಂಬ ಆ ಮಹಾಬಲವು ನಿಂತದ್ದು ಕಡೆಗೆ ಈ ಸಾಮಾನ್ಯವಾದ ಪ್ರಶ್ನೆಗಳ ಮೇಲೆಯೇ ಎಂದು ನಾನು ನಂಬಿದ್ದೇನೆ. ನಮ್ಮ ನಾಡಿಗೆ ಬಂದ ಕುದುರೆಗಳು ಬಿಸಿಲಿಗೂ ಹವೆಗೂ ತುತ್ತಾದುವೆಂದು ಹೇಳಿ ಮುಗಿಸುವುದು ವಾಡಿಕೆ. ಅವುಗಳಲ್ಲಿ ಅನೇಕವು ಹೊಟ್ಟೆಯ ಶೂಲೆಯಿಂದ, ಅದೂ ಅವನ್ನು ಅತಿಯಾಗಿ ಆದರಿಸಿದವರು ಮುಂದಿಟ್ಟ ಮೃಷ್ಟಾನ್ನದಿಂದ ನಷ್ಟವಾದುವೆಂದು ಭಾವಿಸಲು ಆಧಾರಗಳುಂಟು.

ಕುದುರೆಯ ವ್ಯಾಪಾರಿಯಾಗಿದ್ದು 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಫೆರ್ನಾಂವ್ ನೂನಿಸ್ ಎಂಬ ಪೋರ್ಚುಗೀಸನು ಬರೆದಿಟ್ಟ ವೃತ್ತಾಂತದಲ್ಲಿ ಒಂದು ಸಂಗತಿ ಬರುತ್ತದೆ. ಸಾಳುವ ನರಸಿಂಹನು ಹೊರ್ಮುಜು ಮತ್ತು ಏಡನ್ನಿನ ಕುದುರೆಗಳನ್ನು ಮೂರಕ್ಕೆ ಸಾವಿರ ಪರ್ದಾವಿನಂತೆ, ಬದುಕಿದ್ದರೂ ಸತ್ತಿದ್ದರೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿಯೇ ಸತ್ತುದರ ಬಾಲವನ್ನು ಮಾತ್ರ ತಂದೊಪ್ಪಿಸಿದರೂ ಹಣವು ಸಲ್ಲುತ್ತಿತ್ತು. ಮುಂದಿನ ಕಾಲದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಂಡು, ಉತ್ತಮವಾದುವನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ಉಳಿದುವನ್ನು ನಾಯಕರಿಗೆ ಹಂಚುತ್ತಿದ್ದನೆಂದೂ, ರಾವುತರಿಗೆ ಕೊಟ್ಟ ಕುದುರೆಯು ಸತ್ತರೆ ಅರಮನೆಯ ಮುದ್ರೆಯಿದ್ದ ಚರ್ಮದ ತುಂಡನ್ನು ತಂದು ತೋರಿಸಿ ಬೇರೊಂದನ್ನು ಪಡೆಯಬೇಕಾಗಿತ್ತೆಂದೂ ಅವನೇ ಹೇಳುತ್ತಾನೆ. ಸಾವಿಗಾಗಿ ಇಷ್ಟು ಕ್ರಮಬದ್ಧವಾದ ಲೆಕ್ಕದ ವ್ಯವಸ್ಥೆಯು ಏರ್ಪಡಬೇಕಾದರೆ ಸಾವು ಎಷ್ಟು ನಿತ್ಯವಾಗಿದ್ದಿರಬೇಕು! ವರ್ಷವರ್ಷವೂ ಸಾವಿರಗಟ್ಟಲೆ ಕೊಳ್ಳುತ್ತಲೇ ಇರಬೇಕಾದ ರಾಜ್ಯದಲ್ಲಿ ಕುದುರೆಯ ಆಯುಸ್ಸು ದೀರ್ಘವಾಗಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೂ ಎರಡೂವರೆ ಶತಮಾನಗಳಷ್ಟು ಮುಂಚೆ ನೆರೆಯ ಪಾಂಡ್ಯರ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಇನ್ನೂ ನಿಷ್ಠುರವಾಗಿ ಬರೆದಿದ್ದಾನೆ. ಅಲ್ಲಿಯ ಅರಸನೂ ಅವನ ಸೋದರರೂ ಪ್ರತಿವರ್ಷವೂ ಎರಡೆರಡು ಸಾವಿರ ಕುದುರೆಗಳನ್ನು ಕೊಂಡರೂ ವರ್ಷಾಂತ್ಯದಲ್ಲಿ ನೂರು ಉಳಿಯುತ್ತಿರಲಿಲ್ಲವಂತೆ. ಕುದುರೆಯನ್ನು ನೋಡಿಕೊಳ್ಳುವ ಬಗೆಯೇ ಆ ಜನಕ್ಕೆ ತಿಳಿಯದೆಂದೂ, ಅನ್ನವನ್ನೂ ಮಾಂಸವನ್ನೂ ಬೇಯಿಸಿ ಹಾಕುತ್ತಾರೆಂದೂ, ವ್ಯಾಪಾರಿಗಳು ತಮ್ಮ ಲಾಭದ ದೃಷ್ಟಿಯಿಂದ ಕುದುರೆಯ ವೈದ್ಯರನ್ನು ಅತ್ತ ಹೋಗಗೊಡುವುದಿಲ್ಲವೆಂದೂ ಅವನ ಮಾತು. ಹದಿನಾಲ್ಕನೆಯ ಶತಮಾನದ ಮೊದಲ ಭಾಗದ ಪಾರಸಿ ಇತಿಹಾಸಕಾರ ವಸ್ಸಾಫನೂ ಇದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತಾನೆ: ಹಸಿ ಜವೆಗೋಧಿಯ ಬದಲು ಹುರಿದ ಜವೆ, ಬೆಣ್ಣೆ ಬೆರೆಸಿದ ಕಾಳು, ಕುಡಿಯಲು ಕಾಯಿಸಿದ ಹಸುವಿನ ಹಾಲು, ಮೈತುಂಬಲೆಂದು ನಾಲ್ವತ್ತು ದಿನ ಹಗ್ಗ ಗೂಟಗಳಿಂದ ಲಾಯದಲ್ಲಿ ಬಿಗಿದು ಕಟ್ಟಿಹಾಕಿ, ಆಮೇಲೆ ಒಮ್ಮೆಲೇ ಸವಾರಿ. ಪರದೇಶಿಗಳ ಬರವಣಿಗೆಯಲ್ಲಿ ಅತಿಶಯೋಕ್ತಿಯೂ ತಾತ್ಸಾರವೂ ಇರುವುದು ಸಹಜ. ಆದರೆ ಇಬ್ಬರೂ ಬೆರಳಿಟ್ಟು ತೋರಿಸುವ ಸ್ಥಳವು ಒಂದೇ ಆಗಿದೆ, ಅದು ಗೋದಲಿ. ಉಪೇಕ್ಷೆಯ ಆರೋಪವನ್ನು ನಾನು ಒಪ್ಪಲಾರೆ. ಹಾಲು ಬೆಣ್ಣೆಗಳನ್ನು ಯಾರೂ ಉಪೇಕ್ಷೆಯಿಂದ ಇಡುವುದಿಲ್ಲ. ಮನುಷ್ಯನಿಗೆ ಯಾವುದು ಶ್ರೇಷ್ಠವಾದ ಊಟವೋ ಅದನ್ನೇ ಅಮೂಲ್ಯವಾದ ಪ್ರಾಣಿಯ ಮುಂದೆ ಇಟ್ಟು ಸಂತೋಷಪಟ್ಟ ಜನ ಅವರು.

ಕುದುರೆಯ ಉದರದ ರಚನೆಯನ್ನು ಬಲ್ಲವರಿಗೆ ಈ ಆದರದ ಪರಿಣಾಮವು ಎಷ್ಟು ಘೋರವಾಗಿದ್ದಿರಬೇಕೆಂಬುದು ಕೂಡಲೇ ಹೊಳೆಯುತ್ತದೆ. ಎತ್ತಿನಂತೆ ಅದು ಮೆಲುಕು ಹಾಕುವ ಪ್ರಾಣಿಯಲ್ಲ. ದೊಡ್ಡ ಶರೀರಕ್ಕೆ ಜಠರವು ತೀರ ಚಿಕ್ಕದು. ಎಂಟರಿಂದ ಹದಿನೈದು ಲೀಟರಿನಷ್ಟು ಮಾತ್ರ ಹಿಡಿಸುತ್ತದೆ. ಗಂಟಲಿನಿಂದ ಜಠರಕ್ಕೆ ಇಳಿಯುವ ದ್ವಾರದ ಸ್ನಾಯುವು ಎಷ್ಟು ಬಿಗಿಯೆಂದರೆ, ಒಳಗೆ ಹೋದುದು ವಾಂತಿಯಾಗಿ ಹೊರಬರುವ ಉಪಾಯವೇ ಇಲ್ಲ. ನಾರಿನ ಹುಲ್ಲನ್ನು ಪಚನಮಾಡುವ ನಿಜವಾದ ಪಾಕಶಾಲೆಯು ಹಿಂಭಾಗದಲ್ಲಿ, ಅಂಧಾಂತ್ರ ಮತ್ತು ಬೃಹದಂತ್ರಗಳಲ್ಲಿ ಇದೆ. ಅವೆರಡೂ ಕೂಡಿ ನೂರು ಲೀಟರಿಗೂ ಮೀರಿದ ಗಾತ್ರವುಳ್ಳವು, ಮತ್ತು ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ನಿಧಾನವಾಗಿ ಹುದುಗಿಸಿ ಶಕ್ತಿಯನ್ನು ಒದಗಿಸುತ್ತವೆ. ಬಯಲಿನಲ್ಲಿ ಬಿಟ್ಟ ಕುದುರೆಯು ದಿನದ ಹದಿನಾಲ್ಕು ಹದಿನಾರು ಗಂಟೆಗಳ ಕಾಲ ತಲೆ ತಗ್ಗಿಸಿ ಸ್ವಲ್ಪಸ್ವಲ್ಪವಾಗಿ ಮೇಯುವುದು ಈ ರಚನೆಗೆ ಅನುಗುಣವಾಗಿಯೇ. ಇಂಥ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ರಾಶಿ ಕಾಳನ್ನು ಹಾಕಿದರೆ ಅದರ ಪಿಷ್ಟವು ಮುಂಭಾಗದಲ್ಲಿ ಪೂರ್ತಿ ಜೀರ್ಣವಾಗದೆ ಹಿಂಭಾಗಕ್ಕೆ ಹರಿದುಹೋಗಿ, ರಾತ್ರಿ ರುಬ್ಬಿಟ್ಟ ಹಿಟ್ಟು ಪಾತ್ರೆಯನ್ನು ಮೀರಿ ಉಬ್ಬುವಂತೆ, ಅಲ್ಲಿ ಹುಳಿಯನ್ನೂ ವಾಯುವನ್ನೂ ಎಬ್ಬಿಸುತ್ತದೆ. ಹಾಗೆ ಉಬ್ಬಿದ ಕರುಳು ಕೆಲವೊಮ್ಮೆ ತಿರುಚಿಕೊಂಡು ಮಡಿಚಿಹೋಗುವುದೂ ಉಂಟು. ಕುದುರೆಯು ನೆಲವನ್ನು ಕೆರೆಯುತ್ತದೆ, ಪಕ್ಕೆಯನ್ನು ತಿರುಗಿ ನೋಡುತ್ತದೆ, ಮಲಗಿ ಹೊರಳುತ್ತದೆ, ಬೆವರುತ್ತದೆ. ಎಷ್ಟೋ ಸಲ ಬೆಳಗಾಗುವುದರೊಳಗೆ ಎಲ್ಲವೂ ಮುಗಿದಿರುತ್ತದೆ.

ಹಾಗೆಂದು ಪ್ರಾಚೀನರಿಗೆ ಇದು ತಿಳಿದೇ ಇರಲಿಲ್ಲವೆನ್ನುವುದು ಅನ್ಯಾಯವಾದೀತು. ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಪ್ರಕರಣವು ಮೇವಿನ ವಿಷಯದಲ್ಲಿ ಆಶ್ಚರ್ಯಕರವಾದ ವಿವರವುಳ್ಳದ್ದು. ಉತ್ತಮಾಶ್ವಕ್ಕೆ ನೆನೆಸಿದ ಅಥವಾ ಬೇಯಿಸಿದ ಧಾನ್ಯವು ಎರಡು ದ್ರೋಣ, ಎಣ್ಣೆ ಒಂದು ಪ್ರಸ್ಥ, ಉಪ್ಪು ಐದು ಪಲ. ಅದರ ಜೊತೆಗೆ ಮಾಂಸ, ಮೊಸರು, ಸುರೆ ಅಥವಾ ಹಾಲು ಕೂಡ ಹೇಳಲ್ಪಟ್ಟಿವೆ. ಆದರೆ ಮುಖ್ಯವಾದುದು ಮುಂದೆ ಬರುತ್ತದೆ: ಹಸುರು ಮೇವು ಅರ್ಧ ಭಾರ, ಎಂದರೆ ಸಾವಿರ ಪಲ, ಸಾಧಾರಣ ಹುಲ್ಲಾದರೆ ಅದರ ಇಮ್ಮಡಿ. ಆ ಗ್ರಂಥವೇ ಕೊಡುವ ಮಾನದಂತೆ ದ್ರೋಣವನ್ನು ಇನ್ನೂರು ಪಲವೆಂದು ಹಿಡಿದರೆ ಧಾನ್ಯವು ನಾಲ್ಕುನೂರು ಪಲವಾಗುತ್ತದೆ. ಹುಲ್ಲು ಅದರ ಎರಡೂವರೆಯಷ್ಟು ಅಥವಾ ಐದರಷ್ಟು. ಧಾನ್ಯದ ಮೊತ್ತವು ಇಂದಿನ ಲೆಕ್ಕಕ್ಕೆ, ಬೆಂದ ತೂಕವೆಂದುಕೊಂಡರೂ, ಅತಿಯಾಗಿಯೇ ಕಾಣುತ್ತದೆ. ಆದರೂ ಹುಲ್ಲಿನ ಪ್ರಾಧಾನ್ಯವು ನಿಸ್ಸಂದಿಗ್ಧವಾಗಿದೆ. ಋತುವಿಗೆ ತಕ್ಕಂತೆ ಆಹಾರವನ್ನು ಬದಲಾಯಿಸುವುದು ಅಶ್ವವೈದ್ಯನ ಕರ್ತವ್ಯವೆಂದೂ ಅಲ್ಲಿ ವಿಧಿಸಿದೆ. ರೋಗ ಬಂದ ಮೇಲಿನ ಔಷಧದಷ್ಟೇ ರೋಗ ಬಾರದಂತೆ ಮೇವನ್ನು ಹೊಂದಿಸುವುದೂ ವೈದ್ಯದ ಭಾಗವೆಂದು ಎಣಿಸಿದ ಆ ಬುದ್ಧಿಯು ಗೌರವಾರ್ಹವಾದುದು. ಲಾಯದ ಪರಿವಾರವನ್ನು ಹೆಸರಿಸುವಾಗ ಮೇವು ತರುವ ಯಾವಸಿಕನನ್ನೂ ಧಾನ್ಯ ಬೇಯಿಸುವ ವಿಧಾಪಾಚಕನನ್ನೂ ಅವನು ಮರೆತಿಲ್ಲ. ಇವರಿಬ್ಬರ ಸಂತತಿಯವರೇ ಮುಂದಿನ ನನ್ನ ಕಥೆಯ ನಾಯಕರು.

ಕನ್ನಡದಲ್ಲಿ ಪಶುವೈದ್ಯದ ಬರವಣಿಗೆಯು ಗೋವಿನಿಂದ ಆರಂಭವಾಯಿತು. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಯಲ್ಲಿ ಗೋವೈದ್ಯವನ್ನು ರಚಿಸಿದನು. ಅದೇ ವಂಶದ ಮೂರನೆಯ ಸೋಮೇಶ್ವರನು ಕಲ್ಯಾಣದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಯು ರಾಜವಿನೋದದ ಅಂಗವಾಗಿ ವಾಜಿವಾಹ್ಯಾಲಿಯೆಂಬ ಕುದುರೆಯಾಟದ ಬಯಲಿಗೆ ಇಳಿಯಿತು. ಅಭಿನವಚಂದ್ರನ ಅಶ್ವವೈದ್ಯವು ಬರುವ ವೇಳೆಗೆ ವಿಜಯನಗರದ ಕಾಲ ಬಂದಿತ್ತು. ಬಹಮನಿ ಅಹಮದ ಶಾಹನ ಆಶ್ರಯದಲ್ಲಿ ಶಾಲಿಹೋತ್ರವೆಂಬ ಅಶ್ವಶಾಸ್ತ್ರವು ಪಾರಸಿ ಭಾಷೆಗೂ ಇಳಿಯಿತು. ನಾಡಿಗೆ ನಾಡಿನ ಉತ್ತಮಾಶ್ವವಿಲ್ಲದಿದ್ದರೂ ಅದರ ವಿದ್ಯೆಯನ್ನು ಎರಡು ಆಸ್ಥಾನಗಳೂ ಎರಡು ಭಾಷೆಗಳಲ್ಲಿ ಆದರಿಸಿದುವು.

ಬಹಮನಿ ರಾಜ್ಯದ ಲಾಯದೊಳಗನ್ನು ಕಣ್ಣಾರೆ ಕಂಡು ಬರೆದವನೊಬ್ಬನು ನಮಗೆ ಸಿಕ್ಕಿದ್ದಾನೆ. ಅವನು ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಒಂದೇ ಒಂದು ಗಂಡು ಕುದುರೆಯನ್ನು ಮಾರುವ ಆಸೆಯಿಂದ ಕಡಲು ದಾಟಿ ಬಂದ ಅವನು ಜುನ್ನರದ ಖಾನನ ಕೈಯಲ್ಲಿ ಅದನ್ನು ಕಳೆದುಕೊಂಡು, ಮತ್ತೆ ಪಡೆದು, ಒಂದು ವರ್ಷ ಮೇಯಿಸಿ, ಕಡೆಗೆ ಬೀದರಿನಲ್ಲಿ ಮಾರಿದನು. ತನ್ನ ಕುದುರೆಗೆ ತಾನೇ ಮೇವು ಕೊಂಡು ಹಾಕಿದವನಾದುದರಿಂದ ಅವನ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆಯುಂಟು. ಈ ದೇಶದಲ್ಲಿ ಎತ್ತು ಎಮ್ಮೆಗಳಲ್ಲದೆ ಕುದುರೆ ಹುಟ್ಟುವುದಿಲ್ಲವೆಂದು ಅವನು ಬರೆಯುತ್ತಾನೆ. ಕುದುರೆಗೆ ಕಡಲೆಯಂಥ ಕಾಳನ್ನು ಹಾಕುತ್ತಾರೆಂದೂ, ಸಕ್ಕರೆ ಮತ್ತು ಎಣ್ಣೆ ಬೆರೆಸಿದ ಖಿಚಡಿಯನ್ನು ಬೇಯಿಸಿ ತಿನ್ನಿಸುತ್ತಾರೆಂದೂ ಹೇಳುತ್ತಾನೆ. ಇಂದು ಕಲಬುರಗಿ ಜಿಲ್ಲೆಯಲ್ಲಿರುವ ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟವಾಗುತ್ತಿದ್ದುವೆಂಬುದೂ ಅವನ ಮಾತೇ. ಉತ್ತರದ ಹುಲ್ಲುಗಾವಲುಗಳನ್ನು ನೋಡಿ ಬೆಳೆದ ಕಣ್ಣಿಗೆ ಖಿಚಡಿ ತಿನ್ನುವ ಕುದುರೆಯು ಎಷ್ಟು ವಿಚಿತ್ರವಾಗಿ ತೋರಿದ್ದಿರಬೇಕೆಂಬುದನ್ನು ಊಹಿಸಬಹುದು.

ಆದರೆ ಈ ಖಿಚಡಿಗೆ ಒಂದು ಕಾರಣವಿದ್ದಿತು. ನಮ್ಮ ಬಯಲುಸೀಮೆಯಲ್ಲಿ ಹುಲ್ಲು ವರ್ಷದುದ್ದಕ್ಕೂ ಒಂದೇ ಸಮನಾಗಿ ಇರುವ ಪದಾರ್ಥವಲ್ಲ. ಮುಂಗಾರು ಬಿದ್ದ ಕೆಲವೇ ದಿನಗಳಲ್ಲಿ ನೆಲವೆಲ್ಲ ಹಸುರಾಗಿ, ಕಾರ್ತಿಕ ಕಳೆಯುವಷ್ಟರಲ್ಲಿ ಹುಲ್ಲು ತೆನೆಯೊಡೆದು ಬಲಿತು, ಮಾಘ ಫಾಲ್ಗುನಗಳಲ್ಲಿ ಸಾರವಿಲ್ಲದ ಕರಡವಾಗಿ ನಿಲ್ಲುತ್ತದೆ. ಅರಬ್ಬೀ ಕುದುರೆಯನ್ನು ಅಷ್ಟು ದೊಡ್ಡ ಬೆಲೆ ಕೊಟ್ಟು ತಂದವರು ಅದನ್ನು ಬಯಲಿಗೆ ಬಿಡಲು ಅಂಜಿದುದೂ ಸ್ವಾಭಾವಿಕವೇ. ಕಳ್ಳಕಾಕರ ಭಯ, ಶತ್ರುವಿನ ಭಯ, ಯಾವ ಗಳಿಗೆಯಲ್ಲಿಯೂ ಜೀನು ಹಾಕಬೇಕಾದ ಅಗತ್ಯ. ಆದುದರಿಂದ ಅದು ಲಾಯದಲ್ಲಿ ಮುಂದೆ ತಲೆಗೂ ಹಿಂದೆ ಕಾಲಿಗೂ ಹಗ್ಗ ಕಟ್ಟಿಸಿಕೊಂಡು ನಿಂತಿತು. ಅಲೆಯುವುದಕ್ಕಾಗಿ ನಿರ್ಮಿತವಾದ ಕಾಲುಗಳು ನಿಂತಲ್ಲೇ ನಿಂತುವು. ಸದಾ ಕೆಲಸದಲ್ಲಿರಬೇಕಾದ ಕರುಳು ಹೊತ್ತುಹೊತ್ತಿನ ನಡುವೆ ಬರಿದಾಗಿ ಉಳಿಯಿತು. ಇತ್ತ ಅದೇ ನಾಡಿನ ತಟ್ಟು, ಭೀಮಾ ತೀರದ ಭೀಮಥಡಿ ತಳಿಯ ಸಣ್ಣ ಕುದುರೆ, ದಾರಿಯ ಹುಲ್ಲನ್ನೂ ಜೋಳದ ಕಣಿಕೆಯನ್ನೂ ತಿಂದು ಮರಾಠರ ಸವಾರರನ್ನು ಹೊತ್ತು ದಖ್ಖನವನ್ನೆಲ್ಲ ಸುತ್ತಿತು. ಇದರಲ್ಲಿ ತಳಿಯ ಗುಣವೂ ಇದ್ದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಬಡವನ ಮೇವೇ ಕುದುರೆಯ ಸಹಜವಾದ ಮೇವಿಗೆ ಹತ್ತಿರವಾಗಿದ್ದಿತೆಂಬುದೂ ಅಷ್ಟೇ ನಿಜ.

ಈ ಇಕ್ಕಟ್ಟಿನಲ್ಲಿ ದಕ್ಷಿಣದ ಲಾಯವನ್ನು ಕಾಪಾಡಿದ ಕಾಳು ಹುರುಳಿ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ವಿಜಯನಗರದ ಪೇಟೆಯಲ್ಲಿ ಕಂಡ ಧಾನ್ಯಗಳ ಪಟ್ಟಿಯಲ್ಲಿ ಅದೂ ಉಂಟು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ನನ ದಿನಚರಿಯಲ್ಲಿ ಅದು ಊರೂರಿನ ಬೆಳೆಯಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ರಾಗಿಗೆ ಮಳೆ ತಪ್ಪಿದ ಹೊಲದಲ್ಲಿ, ಬೇರೆ ಯಾವ ಪೈರೂ ಏಳದ ಕೆಂಪು ಕಲ್ಲುನೆಲದಲ್ಲಿ, ಗೊಬ್ಬರವಿಲ್ಲದೆ, ಹಿಂಗಾರಿನ ಒಂದೆರಡು ಹದಮಳೆಗಳನ್ನೇ ನಂಬಿ ಬರುವ ಬೆಳೆ ಅದು. ನೂರು ಪಾಲಿನಲ್ಲಿ ಸುಮಾರು ಇಪ್ಪತ್ತೆರಡು ಪಾಲು ಸಸಾರಜನಕವುಳ್ಳ ಈ ಕಾಳು ದುಡಿಯುವ ಪ್ರಾಣಿಗೆ ಬಲವನ್ನು ಕೊಡತಕ್ಕದ್ದು. ಉತ್ತರ ಹಿಂದೂಸ್ಥಾನದಲ್ಲಿ ಕಡಲೆಯು ಪಡೆದಿದ್ದ ಸ್ಥಾನವನ್ನು ಮೈಸೂರು, ಮದರಾಸು ಪ್ರಾಂತಗಳಲ್ಲಿ ಹುರುಳಿಯು ಪಡೆಯಿತು. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಅಶ್ವದಳಗಳೂ ಅದನ್ನೇ ಬೇಯಿಸಿ ಹಾಕುವ ಪದ್ಧತಿಯನ್ನು ನಮ್ಮವರಿಂದ ಕಲಿತುವು.

ಬೇಯಿಸುವುದು ಏತಕ್ಕೆ ಎಂದು ಕೇಳಿದರೆ ಹಳಬರು ಗಟ್ಟಿ ಕಾಳು ಹೊಟ್ಟೆಯಲ್ಲಿ ಉಬ್ಬುತ್ತದೆಂದು ಹೇಳುತ್ತಿದ್ದರು. ಆ ಮಾತು ಸರಿಯಾದುದೇ. ಅದರ ಜೊತೆಗೆ ಹಸಿ ಹುರುಳಿಯಲ್ಲಿ ಸಸಾರಜನಕದ ಪಚನವನ್ನು ತಡೆಯುವ ದ್ರವ್ಯಗಳಿವೆಯೆಂದೂ, ಕುದಿಯುವ ಶಾಖಕ್ಕೆ ಅವು ಬಹುಮಟ್ಟಿಗೆ ನಾಶವಾಗುತ್ತವೆಂದೂ ರಸಾಯನಶಾಸ್ತ್ರವು ಈಚೆಗೆ ತಿಳಿಸಿದೆ. ಸಂಜೆ ಕಲ್ಲು ಮಣ್ಣು ತೆಗೆದು ಕಾಳನ್ನು ನೀರಿನಲ್ಲಿ ನೆನೆಹಾಕಿ, ಬೆಳಗಿನ ಜಾವ ಹಂಡೆಯನ್ನು ಒಲೆಗೇರಿಸಿ, ಬೆರಳಿನ ನಡುವೆ ಹಿಸುಕಿದರೆ ನುಣ್ಣಗಾಗುವವರೆಗೆ ಬೇಯಿಸಿ, ಬಸಿದು, ಹರಡಿ ಆರಿಸಿ, ಉಪ್ಪು ಬೆರೆಸಿ ಹಾಕಬೇಕು. ಬಿಸಿಯಾಗಿ ಹಾಕಕೂಡದು, ಹೊತ್ತು ಮೀರಿ ಹಳಸಿದುದನ್ನಂತೂ ಎಂದಿಗೂ ಹಾಕಕೂಡದು, ಏಕೆಂದರೆ ಹಳಸಿದ ಹುರುಳಿಗಿಂತ ನಿಶ್ಚಿತವಾಗಿ ಶೂಲೆಯನ್ನು ಬರಿಸುವ ವಸ್ತುವು ಲಾಯದಲ್ಲಿ ಇನ್ನೊಂದಿಲ್ಲ. ನೀರು ಮೊದಲು, ಕಾಳು ಆಮೇಲೆ. ದುಡಿದು ಬೆವರಿ ಬಂದ ಕುದುರೆಗೆ ಮೈ ಆರುವವರೆಗೆ ಕಾಳಿಲ್ಲ. ಬಸಿದ ಕಟ್ಟು ಅಡಿಗೆಮನೆಯ ಸಾರಿಗೆ, ಬೆಂದ ಕಾಳು ಎತ್ತಿಗೆ ಎಂಬುದು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಉಳಿದಿರುವ ಪದ್ಧತಿ. ಮೈಸೂರು ಸೀಮೆಯ ಹುರುಳಿ ಸಾರನ್ನು ಉಣ್ಣುವವರು ಲಾಯದ ಹಂಡೆಯ ಋಣವನ್ನೂ ಸ್ವಲ್ಪ ಹೊತ್ತಿದ್ದಾರೆ. ಈ ನಿಯಮಗಳನ್ನು ಯಾವ ಪಂಡಿತನೂ ಬರೆದು ಕೊಡಲಿಲ್ಲ. ಹಂಡೆಯ ಮುಂದೆ ಕುಳಿತು, ಹೊಗೆಯಲ್ಲಿ ಕಣ್ಣೊರಸಿಕೊಂಡು, ತಾವು ಬೇಯಿಸಿದುದನ್ನು ತಿಂದ ಕುದುರೆಯು ಮರುದಿನ ಹಾಕಿದ ಲದ್ದಿಯನ್ನು ನೋಡಿ ತಪ್ಪು ಒಪ್ಪುಗಳನ್ನು ಅರಿತವರು ಕೊಟ್ಟ ನಿಯಮಗಳಿವು.

ಹುರುಳಿಯು ಅರ್ಧ ಕಥೆ ಮಾತ್ರ; ಇನ್ನರ್ಧ ಗರಿಕೆ. ಕಂಪೆನಿಯ ಅಶ್ವದಳಗಳಲ್ಲಿ ಪ್ರತಿಯೊಂದು ಕುದುರೆಗೂ ಅದನ್ನು ನೋಡಿಕೊಳ್ಳುವ ಒಬ್ಬ ಕಾಸದಾರನೂ ಹುಲ್ಲು ತರುವವರೊಬ್ಬರೂ ಇರುತ್ತಿದ್ದರು. ದಕ್ಷಿಣದಲ್ಲಿ ಹುಲ್ಲಿನ ಕೆಲಸವು ಬಹುಮಟ್ಟಿಗೆ ಕಾಸದಾರನ ಹೆಂಡತಿಯ ಪಾಲಿಗೆ ಬರುತ್ತಿತ್ತು. ಮುಂಗಾರಿನಲ್ಲಿ ಈ ಕೆಲಸವು ಸುಲಭ. ಬೇಸಿಗೆಯಲ್ಲಿ ಮೇಲೆ ಹುಲ್ಲೇ ಕಾಣದ ನೆಲದಲ್ಲಿ, ಕೆರೆಯ ಏರಿಯ ಮೇಲೂ ಹೊಲದ ಬದುಗಳಲ್ಲಿಯೂ ಕುಕ್ಕರುಗಾಲಿನಲ್ಲಿ ಕುಳಿತು, ಕುರ್ಪಿಯಿಂದ ಗರಿಕೆಯನ್ನು ಬೇರುಸಹಿತವಾಗಿ ಕೆರೆದು ಕೆರೆದು, ಬಡಿದು ಮಣ್ಣು ಉದುರಿಸಿ, ನೀರಿದ್ದಲ್ಲಿ ತೊಳೆದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಮಧ್ಯಾಹ್ನದೊಳಗೆ ಲಾಯಕ್ಕೆ ಸೇರಬೇಕಾಗಿತ್ತು. ಗರಿಕೆಯ ಬೇರು ಕಾಂಡಗಳು ಸಿಹಿಯೂ ಪುಷ್ಟಿಕರವೂ ಆದುವು. ಕುದುರೆಗಳು ಅವನ್ನು ಬಲು ಪ್ರೀತಿಯಿಂದ ತಿನ್ನುತ್ತವೆ. ಆದರೆ ಬಡಿಯುವುದರಲ್ಲಿ ಸ್ವಲ್ಪ ಆಲಸ್ಯವಾದರೆ ಬೇರಿನೊಡನೆ ಮರಳೂ ಹೊಟ್ಟೆಗೆ ಹೋಗುತ್ತದೆ. ಹೋದ ಮರಳು ಬೃಹದಂತ್ರದ ತಳದಲ್ಲಿ ದಿನದಿನಕ್ಕೂ ಕೂಡಿಕೊಂಡು, ತಿಂಗಳುಗಳ ಮೇಲೆ ಒಂದು ದಿನ ಮರಳುಶೂಲೆಯಾಗಿ ಎದ್ದುಬರುತ್ತದೆ. ನೂರಾರು ಹೊನ್ನಿನ ಪ್ರಾಣಿಯ ಬದುಕು ದಿನವೂ ಆ ಹೆಂಗಸು ಹುಲ್ಲನ್ನು ಎಷ್ಟು ಸಲ ಬಡಿದಳು ಎಂಬುದರ ಮೇಲೆ ನಿಂತಿತ್ತು. ಅವಳಿಗೆ ಸಂದ ಕೂಲಿಯು ದಂಡಿನಲ್ಲಿ ಎಲ್ಲರಿಗಿಂತ ಕೆಳಗಿನದು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಯಲಿನಲ್ಲಿ ಮೇಯಿಸುವ ವಿದ್ಯೆಯು ಮಾತ್ರ ಮೈಸೂರಿನಲ್ಲಿ ದನದ ಮೂಲಕ ಬೆಳೆದು ಬಂದುದು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪೂವಿನ ಕಾಲಕ್ಕೆ ಅಮೃತಮಹಲೆಂಬ ಹೆಸರನ್ನು ಪಡೆಯಿತು. ಅದರ ದನಗಳಿಗಾಗಿ ಕಾದಿಟ್ಟ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತುವಿ­ಗೆ ಅನುಸಾರವಾಗಿ ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಒಂದೇ ನೆಲವನ್ನು ಬೋಳಾಗುವವರೆಗೆ ಮೇಯಿಸದೆ ಹುಲ್ಲಿಗೂ ವಿಶ್ರಾಂತಿಯನ್ನು ಕೊಟ್ಟ ಈ ಏರ್ಪಾಡಿನಷ್ಟು ವಿವೇಕಯುತವಾದುದು ನಮ್ಮ ಆಡಳಿತದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಅಂಥ ನಾಡಿನಲ್ಲಿ, ತುಮಕೂರಿನ ಕಡೆಯ ಕುಣಿಗಲ್ಲಿನಲ್ಲಿ, ಟಿಪ್ಪೂ ಸುಲ್ತಾನನು ಸೇನೆಗಾಗಿ ಕುದುರೆಗಳನ್ನು ಬೆಳೆಸುವ ಕ್ಷೇತ್ರವನ್ನು ನಡೆಸಿದನು. ನಾನೂರು ಎಕರೆಗೂ ಮೀರಿದ ಆ ನೆಲವು ಅವನ ಪತನಾನಂತರ ಕೈಯಿಂದ ಕೈಗೆ ಸಾಗಿ, ಮುಂದೆ ಪಂದ್ಯದ ಥರೋಬ್ರೆಡ್ ಕುದುರೆಗಳ ತೌರಾಯಿತು. ಕೊಂಡು ತಂದು ಕಟ್ಟಿಹಾಕುವ ಬದಲು ಇಲ್ಲಿಯೇ ಹುಟ್ಟಿಸಿ ಇಲ್ಲಿಯ ಹುಲ್ಲಿನ ಮೇಲೆಯೇ ಬೆಳೆಸುವ ಸಂಕಲ್ಪವು ಸಾಮಾನ್ಯವಾದುದಲ್ಲ. ತಾಯಿಯ ಪಕ್ಕದಲ್ಲಿ ಓಡಾಡಿಕೊಂಡು ಮೊದಲ ದಿನಗಳಿಂದಲೇ ಸ್ಥಳದ ಹುಲ್ಲನ್ನು ಕಡಿದು ಬೆಳೆದ ಮರಿಯ ಕರುಳು, ಹಡಗಿನಿಂದಿಳಿದು ಒಮ್ಮೆಲೇ ಬೇರೆ ಮೇವಿಗೆ ಬಿದ್ದ ಕುದುರೆಯ ಕರುಳಿಗಿಂತ ಎಷ್ಟೋ ಸಹನೆಯುಳ್ಳದ್ದು.

ಟಿಪ್ಪೂವಿನ ತರುವಾಯ ಮೈಸೂರಿನ ಶಿಲ್ಲೇದಾರ ಸವಾರರ ಕಾಲ ಬಂದಿತು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ನಾಲ್ಕು ಸಾವಿರ ಕುದುರೆ ಸವಾರರನ್ನು ಸಿದ್ಧವಾಗಿ ಇಡಬೇಕಾಗಿತ್ತು. ಶಿಲ್ಲೇದಾರನ ಕುದುರೆಯು ಅವನದೇ ಸ್ವತ್ತು; ಅದರ ಮೇವಿನ ಖರ್ಚು ಅವನ ಸಂಬಳದಲ್ಲಿಯೇ ಅಡಕವಾಗಿತ್ತು. ಅರಮನೆಯ ರಾತೀಬಿನ ಕುದುರೆಯು ಸತ್ತರೆ ಮುದ್ರೆ ತೋರಿಸಿ ಇನ್ನೊಂದನ್ನು ಪಡೆಯಬಹುದು. ಶಿಲ್ಲೇದಾರನ ಕುದುರೆಯು ಸತ್ತರೆ ಅವನ ಜೀವನೋಪಾಯವೇ ಸತ್ತಂತೆ. ಇಂಥವನು ಮೇವಿನಲ್ಲಿ ಪ್ರದರ್ಶನಕ್ಕಾಗಿ ತುಪ್ಪ ಸುರಿಯಲಾರನು, ಲೋಭಕ್ಕಾಗಿ ಹುಲ್ಲು ಕಡಿಮೆ ಮಾಡಲಾರನು. ಮೇವಿನ ಹದವನ್ನು ಕಲಿಸುವುದರಲ್ಲಿ ಸ್ವಂತ ನಷ್ಟದ ಭಯಕ್ಕಿಂತ ದೊಡ್ಡ ಗುರು ಇಲ್ಲವೆಂದು ನನಗೆ ತೋರುತ್ತದೆ.

ಈ ಪರಂಪರೆಯ ಕೊನೆಯ ದೊಡ್ಡ ಪರೀಕ್ಷೆಯು ನಡೆದುದು ನಮ್ಮ ನೆಲದ ಮೇಲಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಲ್ಯಾನ್ಸರ್ಸ್ ದಳವು ಸುಯೆಜ್ ಕಾಲುವೆಯನ್ನು ಕಾಯಲು ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಹಿಡಿದುದನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ರಣರಂಗದಲ್ಲಿ ಗುಂಡಿಗೂ ಫಿರಂಗಿಗೂ ಅಂಜದ ಕುದುರೆಗಳಿಗೆ ಮರಳು ಶತ್ರುವಾಯಿತು. ಸೀನಾಯಿಯಂಥ ಮರಳುಗಾಡಿನಲ್ಲಿ ನೆಲದ ಮೇಲೆ ಚೆಲ್ಲಿದ ಜವೆಯನ್ನು ಹೆಕ್ಕುವಾಗಲೂ, ಉಪ್ಪು ಸಾಲದೆ ನೆಲವನ್ನು ನೆಕ್ಕುವಾಗಲೂ ಮರಳು ಹೊಟ್ಟೆಯನ್ನು ಸೇರಿ, ಮರಳುಶೂಲೆಯು ಸೇನೆಯ ಪಶುವೈದ್ಯರಿಗೆ ದೊಡ್ಡ ತಲೆನೋವಾಯಿತು. ಕಾಳನ್ನು ಮೂತಿಗೆ ಕಟ್ಟುವ ಚೀಲದಲ್ಲಿಯೇ ಹಾಕುವುದು, ಉಪ್ಪನ್ನು ತಪ್ಪದೆ ಕೊಡುವುದು, ಹುಲ್ಲನ್ನು ನೆಲದಿಂದ ಮೇಲೆ ಬಲೆಯಲ್ಲಿ ತೂಗಹಾಕುವುದು, ಇವೇ ಅದಕ್ಕೆ ಉಪಾಯಗಳು. ಗರಿಕೆಯನ್ನು ಬಡಿದು ಬಡಿದು ಮಣ್ಣು ಉದುರಿಸುತ್ತಿದ್ದ ಕೈಗಳಿಗೆ ಇದೇನೂ ಹೊಸ ಪಾಠವಾಗಿರಲಿಲ್ಲ.

ಶೂಲೆ ಬಂದ ಮೇಲೆ ಮಾಡುತ್ತಿದ್ದ ಚಿಕಿತ್ಸೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಓಮ, ಇಂಗು, ಶುಂಠಿ, ಕರಿಯುಪ್ಪುಗಳ ಉಂಡೆ. ಗೊಟ್ಟದಿಂದ ಹೊಯ್ಯುವ ಎಣ್ಣೆ. ಹಗ್ಗ ಹಿಡಿದು ನಡೆಸುವುದು. ಕೌಟಲ್ಯನ ಪಟ್ಟಿಯಲ್ಲಿಯೂ ಇರುವ ಎಣ್ಣೆಯ ಬಸ್ತಿ. ಕರುಳಿನಲ್ಲಿ ಒಣಮೇವು ಗಟ್ಟಿಕಟ್ಟಿದಾಗ ಎಣ್ಣೆಯು ಉಪಕಾರಿಯೆಂಬುದನ್ನು ಇಂದಿನ ವೈದ್ಯರೂ ಒಪ್ಪಿ, ಮೂಗಿನ ಮೂಲಕ ನಳಿಕೆಯನ್ನಿಳಿಸಿ ಜಠರಕ್ಕೇ ಮುಟ್ಟಿಸುತ್ತಾರೆ. ಗೊಟ್ಟದ ಎಣ್ಣೆಯು ಶ್ವಾಸಕ್ಕೆ ಹೋಗಿ ಕೊಂದ ಕುದುರೆಗಳೂ ಉಂಟಾದುದರಿಂದ ಆ ಹಳೆಯ ವಿಧಾನವನ್ನು ಬಿಟ್ಟದ್ದೇ ಒಳ್ಳೆಯದಾಯಿತು. ಕರುಳು ತಿರುಚಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯಲ್ಲದೆ ಬೇರೆ ದಾರಿಯಿಲ್ಲ.

ಬಯಲಿನಲ್ಲಿ ಮೇಯುವ ಕುದುರೆಗೂ ಶೂಲೆ ಬರುವುದೇ ಎಂದು ಕೇಳುವವರುಂಟು. ಬರುತ್ತದೆ, ಆದರೆ ಅದರ ಕಾಲವೂ ಕಾರಣವೂ ಬೇರೆ. ಬೇಸಿಗೆಯಲ್ಲಿ ಒಣ ಕರಡವನ್ನು ತಿಂದು ನೀರು ಸಾಲದೆ ಹೋದಾಗ ಬೃಹದಂತ್ರವು ಕಿರಿದಾಗಿ ತಿರುಗುವ ಬಾಗಿನಲ್ಲಿ ಮೇವು ಸಿಕ್ಕಿಕೊಳ್ಳುತ್ತದೆ. ಮುಂಗಾರು ಬಿದ್ದ ಹೊಸದರಲ್ಲಿ ಎಳೆ ಹುಲ್ಲಿನ ಸಕ್ಕರೆಯು ವಾಯುವನ್ನು ಎಬ್ಬಿಸುತ್ತದೆ. ಹುಲ್ಲು ತೀರಿದ ನೆಲದಲ್ಲಿ ಮೂತಿಯು ಮಣ್ಣಿಗೆ ಇಳಿಯುತ್ತದೆ. ಇವಲ್ಲದೆ ಲದ್ದಿಯಿಂದ ಹುಲ್ಲಿಗೆ ಹರಡಿ ಕರುಳಿನ ರಕ್ತನಾಳಗಳನ್ನೇ ಹೊಕ್ಕು ಕೆಡಿಸುವ ಹುಳುಗಳ ಬಾಧೆಯೂ ಉಂಟು. ಈ ಮರಿಹುಳುಗಳು ದನದ ಹೊಟ್ಟೆಯಲ್ಲಿ ಬದುಕಲಾರವಾದುದರಿಂದ, ಕುದುರೆ ಮೇಯ್ದ ಬಯಲಿಗೆ ದನಗಳನ್ನು ಬಿಟ್ಟರೆ ನೆಲವು ತಾನಾಗಿಯೇ ಶುದ್ಧವಾಗುತ್ತ ಬರುತ್ತದೆ.

ಒಮ್ಮೆ ಶೂಲೆ ಕಂಡ ಕುದುರೆಗೆ ಅದು ಮರುಕಳಿಸುವ ಸಂಭವವು ಹೆಚ್ಚು. ಅಂಥದರ ಮೇವನ್ನು ಹೊಂದಿಸುವವರು ಹುಲ್ಲನ್ನೇ ಊಟವೆಂದೂ ಕಾಳನ್ನು ವ್ಯಂಜನವೆಂದೂ ಎಣಿಸಬೇಕು. ನಾನೂರು ಕಿಲೋಗ್ರಾಮ್ ತೂಗುವ ಕುದುರೆಗೆ ದಿನಕ್ಕೆ ಒಣಗಿದ ಲೆಕ್ಕದಲ್ಲಿ ಆರರಿಂದ ಎಂಟು ಕಿಲೋ ಹುಲ್ಲು ಬೇಕು. ಹುಲ್ಲಿನಿಂದಲೇ ಮೈ ನಿಂತರೆ ಕಾಳಿನ ಅಗತ್ಯವೇ ಇಲ್ಲ, ದುಡಿಮೆಗಾಗಿ ಕೊಡಲೇಬೇಕಾದರೆ ಒಂದು ಹೊತ್ತಿಗೆ ಎರಡು ಕಿಲೋವನ್ನು ಎಂದಿಗೂ ಮೀರದೆ ಹಲವು ಹೊತ್ತುಗಳಿಗೆ ಹಂಚಬೇಕು. ತೌಡು ಬೂಸಗಳನ್ನೇ ನೆಚ್ಚಿದರೆ ರಂಜಕವು ಹೆಚ್ಚಿ ಸುಣ್ಣದ ಅಂಶವು ಸೊರಗುತ್ತದೆ. ಅದನ್ನು ಸರಿದೂಗಿಸಲು ನಮ್ಮ ರೈತರು ಕುದುರೆ ಮಸಾಲೆಯೆನ್ನುವ ಲೂಸರ್ನ್ ಸೊಪ್ಪು, ಮಿತವಾಗಿ, ಬಲು ಒಳ್ಳೆಯದು. ಉಪ್ಪು ನಿತ್ಯವೂ, ಶುದ್ಧವಾದ ನೀರು ಸದಾಕಾಲವೂ ಇರಬೇಕು. ಮೇವಿನ ಬದಲಾವಣೆಯು ಯಾವುದೇ ಇರಲಿ, ಹತ್ತು ಹದಿನಾಲ್ಕು ದಿನಗಳಿಗಿಂತ ಬೇಗನೆ ಆಗಕೂಡದು, ಏಕೆಂದರೆ ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ಕಾಲ ಹಿಡಿಯುತ್ತದೆ. ಆದುದರಿಂದ ಮೊದಲ ಮಳೆ ಬಿದ್ದು ಬಯಲು ಹಸುರಾದ ವಾರದಲ್ಲಿ ಕುದುರೆಯನ್ನು ಹಸಿದ ಹೊಟ್ಟೆಯಲ್ಲಿ ಹೊರಗೆ ಬಿಡದೆ, ಬೆಳಗ್ಗೆ ಒಣಹುಲ್ಲನ್ನು ತೃಪ್ತಿಯಾಗುವಷ್ಟು ಹಾಕಿ, ಮೊದಲ ದಿನ ಒಂದು ಗಂಟೆ ಮಾತ್ರ ಮೇಯಿಸಿ ಕರೆತಂದು, ದಿನದಿನಕ್ಕೂ ಆ ಹೊತ್ತನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ, ಎರಡು ವಾರಗಳ ಮೇಲೆ ಬಯಲಿಗೆ ಪೂರ್ತಿಯಾಗಿ ಬಿಡತಕ್ಕದ್ದು.